ಸರ್ವಮಂಗಳಾ ‘ಉಳ್ಳಾಗಡ್ಡಿ’ ಅಂದದ್ದು

ತಲೆ ಓಡಿಸಬೇಕಾದ ಕೆಲಸಗಳನ್ನೆಲ್ಲ ಮಡಿವಾಳಪ್ಪ ಹಣೆಗೆ ಪಟ್ಟಿ ಕಟ್ಟಿಕೊಳ್ಳುವ ಮೊದಲೇ ಮುಗಿಸಿಬಿಡುತ್ತಿದ್ದ. ಗ್ಯಾಸಿಗೆ ಫೋನು ಮಾಡುವುದು, ಹೆಂಡತಿಯ ಮಾತ್ರೆಗಳನ್ನು ಬೇರೆ ಬೇರೆ ಡಬ್ಬಿಗೆ ಹಾಕುವುದು, ಮರುದಿನದ ಡ್ಯೂಟಿ ಯಾವಾಗ ಎಂದು ಕೇಳಿಕೊಳ್ಳುವುದು, ಇವೆಲ್ಲ ಆಗಲೇ ಆಗಬೇಕು. ಒಮ್ಮೆ ಪಟ್ಟಿ ಕಟ್ಟಿದನೆಂದರೆ ಅವನ ತಲೆ ಅರ್ಧ ಮಾತ್ರ ಅವನದು. ಹಾಲು ಒಲೆಯ ಮೇಲಿಟ್ಟು ಅದನ್ನೇ ನೋಡುತ್ತ ನಿಂತಿರುತ್ತಿದ್ದ, ಹಾಲು ಕಣ್ಣೆದುರೇ ಉಕ್ಕಿ ಚೆಲ್ಲುತ್ತಿತ್ತು. ಉಕ್ಕುತ್ತಿದೆ ಎಂಬುದು ಕಾಣುತ್ತಿತ್ತು, ಒಲೆ ಆರಿಸಬೇಕು ಎಂಬುದು ಮಾತ್ರ ತಡವಾಗಿ ಹೊಳೆಯುತ್ತಿತ್ತು.

ಉಳಿದರ್ಧ ತಲೆ ಹೆಂಡತಿ ಸರ್ವಮಂಗಳಾಳ ಕೆಲಸಕ್ಕೆ ಹೋಗಿರುತ್ತಿತ್ತು. ಇದು ಮಾತಿಗೆ ಹೇಳಿದ್ದಲ್ಲ, ನಿಜವಾಗಿಯೂ ಹಾಗೇ ಇತ್ತು.

ಸರ್ವಮಂಗಳಾ ಗದಗಿನ ಪ್ರಾಥಮಿಕ ಶಾಲೆಯೊಂದರಲ್ಲಿ ಟೀಚರು. ಒಂದು ದಿನ ಸ್ಕೂಟಿಯ ಮೇಲೆ ಶಾಲೆಗೆ ಹೊರಟವಳಿಗೆ ಹಂದಿಯೊಂದು ಅಡ್ಡ ಬಂತು. ಹೆಲ್ಮೆಟ್ ತಲೆಯ ಮೇಲಿತ್ತು, ಅದರ ಬೆಲ್ಟು ಹಾಕಿರಲಿಲ್ಲ. ಹೆಲ್ಮೆಟ್ ಒಂದು ಕಡೆ ಉರುಳಿತು, ಅವಳು ಒಂದು ಕಡೆ. ಹಂದಿಗೆ ಏನೂ ಆಗಲಿಲ್ಲ ಎಂದು ನೋಡಿದವರು ಹೇಳಿದರು. ಅದನ್ನು ಯಾಕೆ ಹೇಳಿದರೋ, ಮಡಿವಾಳಪ್ಪನಿಗೆ ಆ ಮಾತು ಮಾತ್ರ ಮರೆಯಲಾಗಲಿಲ್ಲ.

ಜೀವ ಉಳಿಯಿತು. ಬಹಳ ಕಾಲ ಮಲಗಿದ್ದವಳು ಕಣ್ಣು ಬಿಟ್ಟಳು, ಕೈಕಾಲು ಆಡಿಸಿದಳು, ಗೋಡೆ ಹಿಡಿದು ಬಚ್ಚಲಿನವರೆಗೆ ನಡೆದಳು. ಊರಿನವರು ‘ಆರಾಮಾದ್ರಲ್ಲ, ದೇವರು ದೊಡ್ಡಾಂವ’ ಎಂದು ಹಣ್ಣು ಕೊಟ್ಟು ಹೋದರು. ಅವರು ಹೋದ ಮೇಲೆ ಮನೆಯಲ್ಲಿ ಉಳಿಯುವುದು ಏನೆಂದು ಅವರಿಗೇನು ಗೊತ್ತು? ‘ನೀರು’ ಎನ್ನಲು ಹೊರಟು ‘ನೀ’ ಎಂಬಲ್ಲಿಗೆ ನಿಂತುಬಿಡುತ್ತಿದ್ದಳು. ನಾಲ್ಕು ತುತ್ತು ಉಂಡರೆ ಸಾಕು, ಗುಡ್ಡ ಹತ್ತಿದವಳ ಹಾಗೆ ಸೋತು ತಟ್ಟೆಯ ಮುಂದೆಯೇ ನಿದ್ದೆ ಹೋಗುತ್ತಿದ್ದಳು. ಗಂಡ ಯಾರು, ಮಗಳು ಯಾರು ಎಂಬುದು ಗೊತ್ತಿತ್ತು. ಗೊತ್ತಿದ್ದುದನ್ನು ಹಿಡಿದುಕೊಳ್ಳುವ ಶಕ್ತಿ ಇರಲಿಲ್ಲ.

ಆಗ ಹುಬ್ಬಳ್ಳಿಯ ಸಂಶೋಧನಾ ಆಸ್ಪತ್ರೆಯೊಂದರ ಡಾ. ರೋಹಿಣಿ ಕಿಣಿ ಈ ಪಟ್ಟಿಯ ವಿಷಯ ಹೇಳಿದ್ದರು.

“ಸೀರೆ ಮಡಚೋವಾಗ ಇನ್ನೊಂದು ತುದಿ ಹಿಡಿಯೋಕೆ ಒಬ್ಬರು ಬೇಕಲ್ವಾ?” ಎಂದಿದ್ದರು ಡಾಕ್ಟರು. “ಅವರ ಮೆದುಳಲ್ಲಿ ಮಾತಿದೆ, ನೆನಪಿದೆ. ಒಂದು ತುದಿ ಹಿಡಿಯೋಷ್ಟರಲ್ಲಿ ಇನ್ನೊಂದು ತುದಿ ಜಾರಿಹೋಗ್ತಾ ಇದೆ. ಆ ತುದಿಯನ್ನ ನಿಮ್ಮ ಮೆದುಳು ಹಿಡ್ಕೊಳ್ಳುತ್ತೆ.”

ಸರ್ವಮಂಗಳಾಳ ತಲೆಯೊಳಗೆ ಕೂದಲಿಗಿಂತ ತೆಳುವಾದ ತಂತಿಗಳನ್ನು ಇಟ್ಟರು. ಮಡಿವಾಳಪ್ಪನಿಗೆ ಹಣೆಗೆ ಕಟ್ಟಿಕೊಳ್ಳುವ ಪಟ್ಟಿ. ಎರಡೂ ಒಂದೇ ಮನೆಯೊಳಗಿದ್ದರೆ ತಂತಿಯ ಹಂಗಿಲ್ಲದೆ ಕೂಡಿಕೊಳ್ಳುತ್ತಿದ್ದವು. ಅವನ ಮೆದುಳಿನ ಲಯವನ್ನು ಅನುಸರಿಸಿ ಅವಳ ಮೆದುಳು ಮಾತಿನ ಎಳೆ ಹಿಡಿಯುತ್ತಿತ್ತು. ಊರ ಹೊರಗಿನ ವಿದ್ಯುತ್ ಉಪಕೇಂದ್ರದಲ್ಲಿ ಆಪರೇಟರ್ ಆಗಿದ್ದ ಮಡಿವಾಳಪ್ಪ ಇದನ್ನು ತನ್ನ ಭಾಷೆಯಲ್ಲಿ ಅರ್ಥ ಮಾಡಿಕೊಂಡ: ಒಂದು ಟ್ರಾನ್ಸ್‌ಫಾರ್ಮರಿಗೆ ಏಟು ಬಿದ್ದಿದೆ, ಅದರ ಲೋಡನ್ನೂ ಪಕ್ಕದ್ದು ಹೊರಬೇಕು. ಹೊರುವ ಟ್ರಾನ್ಸ್‌ಫಾರ್ಮರು ಬಿಸಿಯಾಗುತ್ತದೆ, ಅದು ಇದ್ದದ್ದೇ.

ಬಿಸಿಯಂತೂ ಆಯಿತು. ಡ್ಯೂಟಿ ಮುಗಿಸಿ ಮನೆಗೆ ಬಂದು, ಅಲ್ಲಿಯತನಕ ಕೂತಿರುತ್ತಿದ್ದ ಪಕ್ಕದ ಮನೆಯ ಫಾತಿಮಾಬಿಯನ್ನು ಕಳಿಸಿ, ಪಟ್ಟಿ ಕಟ್ಟಿಕೊಂಡರೆ ಸ್ವಲ್ಪ ಹೊತ್ತಿಗೇ ಕಣ್ಣುಗುಡ್ಡೆಯ ಹಿಂದೆ ಭಾರ ಶುರುವಾಗುತ್ತಿತ್ತು. ನಿದ್ದೆ ಮಾಡಿದರೂ ಹೋಗದ ದಣಿವು ಅದು. ಆದರೆ ಪಟ್ಟಿ ಕಟ್ಟಿದ ಮೊದಲ ಸಂಜೆಯೇ ಸರ್ವಮಂಗಳಾ ಮೇಲೆ ನೋಡಿ, “ರೀ, ಫ್ಯಾನ್ ಸ್ವಲ್ಪ ಕಮ್ಮಿ ಮಾಡಿ” ಎಂದಿದ್ದಳು. ಫ್ಯಾನಿನ ರೆಗ್ಯುಲೇಟರ್ ಹಿಡಿದುಕೊಂಡೇ ಅವನು ಅತ್ತುಬಿಟ್ಟಿದ್ದ. ಅಂಥದ್ದು ಕಂಡ ಮೇಲೆ ದಣಿವಿನ ಮಾತೆತ್ತಲು ನಾಚಿಕೆ.

ದಿನ ಹೋದಂತೆ ಸರ್ವಮಂಗಳಾ ಪೂರ್ತಿ ವಾಕ್ಯಗಳಲ್ಲಿ ಮಾತಾಡಿದಳು. ಬೆಳಗಾವಿಯ ಬ್ಯಾಂಕೊಂದರಲ್ಲಿದ್ದ ಮಗಳು ಪಲ್ಲವಿ ದಿನಾ ಸಂಜೆ ವಿಡಿಯೊದಲ್ಲಿ ಬರುತ್ತಿದ್ದಳು. ತಾಯಿ ಮಗಳ ಮಾತು ಮುಗಿಯುವವರೆಗೆ ಮಡಿವಾಳಪ್ಪ ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೂತಿರುತ್ತಿದ್ದ. ಮನೆಯಲ್ಲಿ ಜಗಳ ಎಂಬುದೇ ಇರಲಿಲ್ಲ. ಅವನು ಮಾಡಿದ ಅಡುಗೆ ಅವಳಿಗೆ ಸೇರುತ್ತಿತ್ತು, ಅವನಿಗೆ ಸಾಕೆನಿಸಿದ ಹೊತ್ತಿಗೆ ಅವಳಿಗೂ ಟಿವಿ ಸಾಕಾಗುತ್ತಿತ್ತು. ಹುಬ್ಬಳ್ಳಿಯಲ್ಲಿ ಡಾಕ್ಟರು ಪರದೆಯ ಮೇಲಿನ ಗೆರೆಗಳನ್ನು ತೋರಿಸಿ, “ನೋಡಿ, ಮಾತಿನ ಭಾಗ ಹೇಗೆ ಬೆಳಗ್ತಾ ಇದೆ!” ಎಂದು ಖುಷಿಪಟ್ಟಿದ್ದರು. ಅವಳ ಮಾತಿನಲ್ಲಿ ಒಂದು ‘ಐತಿ’, ಒಂದು ‘ಬ್ಯಾಡ’ ಸೇರಿಕೊಂಡದ್ದು ಮಡಿವಾಳಪ್ಪನ ಕಿವಿಗೆ ಬೀಳಲೇ ಇಲ್ಲ. ಅವು ಅವನದೇ ಮಾತುಗಳು, ಹೇಗೆ ಬೀಳಬೇಕು?

ಇಲ್ಲಿ ಒಂದು ಸಂಗತಿ ಹೇಳಬೇಕು. ಸರ್ವಮಂಗಳಾ ನಂಜನಗೂಡಿನ ಕಡೆಯವಳು. ಮದುವೆಯಾಗಿ ಗದಗಿಗೆ ಬಂದವಳು ಇಲ್ಲಿಯ ರೊಟ್ಟಿ ಬಡಿಯಲು ಕಲಿತಳು, ಇಲ್ಲಿಯ ಖಾರಕ್ಕೆ ನಾಲಿಗೆ ಒಗ್ಗಿಸಿಕೊಂಡಳು, ಇಲ್ಲಿಯ ಬಿಸಿಲನ್ನೂ ಕ್ಷಮಿಸಿದಳು. ಒಂದೇ ಒಂದಕ್ಕೆ ಬಗ್ಗಲಿಲ್ಲ. ಈರುಳ್ಳಿಗೆ ಉಳ್ಳಾಗಡ್ಡಿ ಎನ್ನಲಿಲ್ಲ. ಸಂತೆಯಲ್ಲಿ ನಿಂತು “ಈರುಳ್ಳಿ ಕೊಡಿ” ಎನ್ನುವಳು, ಮಾರುವಾಕೆ “ಏನ್ ಬೇಕ್ರಿ ಅಕ್ಕಾರ?” ಎಂದು ಮತ್ತೆ ಕೇಳುವಳು, ಇವಳು ಮತ್ತೂ ಗಟ್ಟಿಯಾಗಿ “ಈರುಳ್ಳಿ” ಎನ್ನುವಳು. ಮನೆಯಲ್ಲಿ ಮಡಿವಾಳಪ್ಪ ಬೇಕೆಂದೇ, “ಉಳ್ಳಾಗಡ್ಡಿ ಖಾಲಿ ಆಗ್ಯಾವಲ್ಲ” ಎಂದು ಕೆಣಕಿದರೆ, “ಯಾವುದು? ಆ ಹೆಸರಿನ ತರಕಾರಿ ನಮ್ಮನೇಲಿ ಇಲ್ಲ” ಎಂದು ಮುಖ ತಿರುಗಿಸುತ್ತಿದ್ದಳು. ಒಮ್ಮೆ ಅವನು, ಅವಳು ಉಳ್ಳಾಗಡ್ಡಿ ಎನ್ನುವವರೆಗೆ ತಂದುಕೊಡುವುದಿಲ್ಲ ಎಂದು ಪಣ ತೊಟ್ಟು ಒಂದು ವಾರ ಕಾದ. ವಾರವಿಡೀ ಅವಳು ಈರುಳ್ಳಿ ಇಲ್ಲದ ಸಾರು ಬಡಿಸಿದಳು. ಸೋತವನು ಅವನೇ.

ಮಡಿವಾಳಪ್ಪ ಪಟ್ಟಿ ಕಟ್ಟಿಕೊಂಡಿದ್ದ ಒಂದು ಮಧ್ಯಾಹ್ನ ಸರ್ವಮಂಗಳಾ ಅಡುಗೆಮನೆಯಲ್ಲಿ ಬುಟ್ಟಿಯ ಮುಂದೆ ನಿಂತು ಕೇಳಿದಳು, “ರೀ, ಉಳ್ಳಾಗಡ್ಡಿ ಎಲ್ಲಿಟ್ಟೀರಿ?”

ಮಡಿವಾಳಪ್ಪನಿಗೆ ನಗು ತಡೆಯಲಾಗಲಿಲ್ಲ. “ಸೋತಿ ನೋಡು! ಕಡೀಕೂ ಸೋತಿ!” ಎಂದು ಚಪ್ಪಾಳೆ ತಟ್ಟಿದ.

ಅವಳೂ ನಕ್ಕಳು. ಅವನು ಎಷ್ಟು ನಕ್ಕನೋ ಅಷ್ಟೇ ನಕ್ಕಳು, ಅವನು ನಿಲ್ಲಿಸಿದಾಗ ನಿಲ್ಲಿಸಿದಳು. ಸೋತೆ ಎಂಬ ಸಿಟ್ಟು ಆ ಮುಖದಲ್ಲಿ ಎಲ್ಲೂ ಇರಲಿಲ್ಲ. ಅವನಿಗೆ ಆಗಲೇ ಒಳಗೆ ಏನೋ ಚುಳುಕ್ಕೆಂದಿತು. ದಣಿದ ತಲೆ, ಏನೆಂದು ಹುಡುಕಿಕೊಂಡು ಹೋಗಲಿಲ್ಲ.

ಮರುದಿನ ಉಪಕೇಂದ್ರದ ಕಂಟ್ರೋಲ್ ರೂಮಿನಲ್ಲಿ ಕೂತಿದ್ದಾಗ ಒಬ್ಬ ಲೈನ್‌ಮನ್ ಫೋನು ಮಾಡಿದ. ಕಂಬ ಹತ್ತಬೇಕು, ಲೈನ್ ಬಂದ್ ಮಾಡಿ ಕೊಡ್ರಿ ಎಂದ. ಮಡಿವಾಳಪ್ಪ ಬ್ರೇಕರ್ ತೆಗೆದು, ಮೀಟರಿನ ಮುಳ್ಳು ಸೊನ್ನೆಗೆ ಬಂದದ್ದು ನೋಡಿ, “ಲೈನ್ ಕ್ಲಿಯರ್” ಎಂದು ಹೇಳಿದ. ಸ್ವಲ್ಪ ಹೊತ್ತಿಗೆ ಮತ್ತೆ ಫೋನು.

“ಸಾಹೇಬ್ರ, ಕ್ಲಿಯರ್ ಅಂದ್ರಿ, ವೈರಿನ್ಯಾಗ ಇನ್ನ ಕರೆಂಟ್ ಐತ್ರಿ! ಟೆಸ್ಟರ್ ಹಚ್ಚಿ ನೋಡಿದ್ದಕ್ಕ ಉಳಕೊಂಡೆ.”

“ಕಂಬ ಇಳಿ ಮೊದ್ಲ. ಅಲ್ಲಿ ಯಾರರ ಜನರೇಟರ್ ಹಚ್ಯಾರೇನು ನೋಡು.”

ಹಾಗೇ ಆಗಿತ್ತು. ಹಿಟ್ಟಿನ ಗಿರಣಿಯೊಂದರವರು ಕರೆಂಟ್ ಹೋದ ತಕ್ಷಣ ಜನರೇಟರ್ ಚಾಲೂ ಮಾಡಿದ್ದರು. ಹೊರಗಿನ ಲೈನನ್ನು ಬೇರೆ ಮಾಡುವ ಸ್ವಿಚ್ಚು ಸರಿಯಾಗಿ ತಿರುಗಿಸಿರಲಿಲ್ಲ. ಅವರ ಕರೆಂಟು ಹಿಂದಿನಿಂದ ಲೈನಿಗೆ ಬಂದು ಸತ್ತ ತಂತಿ ಬದುಕಿದ ಹಾಗೆ ಕಾಣುತ್ತಿತ್ತು. ಫೋನ್ ಇಟ್ಟ ಮಡಿವಾಳಪ್ಪನ ಕೈ ಹಾಗೇ ರಿಸೀವರಿನ ಮೇಲೆ ಉಳಿಯಿತು. ಹಿಂದಿನ ದಿನ ಅಡುಗೆಮನೆಯಲ್ಲಿ ಮಾತಾಡಿದ್ದು ಯಾರು?

ಅಂದು ಮನೆಗೆ ಬಂದು ಪಟ್ಟಿ ಕಟ್ಟಿಕೊಂಡು ಹೆಂಡತಿಯ ಎದುರಿಗೆ ಕೂತ.

“ಮಂಗಳಾ, ನಿಮ್ಮ ಊರಿಂದು ಏನರ ಹೇಳು. ನೀ ಸಣ್ಣಾಕಿ ಇದ್ದಾಗಿಂದು.”

ಅವಳು ಹೇಳಿದಳು. ಕಪಿಲಾ ನದಿಯಲ್ಲಿ ಚಪ್ಪಲಿ ತೇಲಿಹೋದದ್ದು, ಅಪ್ಪ ಅಂಗಡಿಯಿಂದ ಕಡ್ಲೆಮಿಠಾಯಿ ತರುತ್ತಿದ್ದದ್ದು. ಅವನು ಕೇಳಿದ, “ಚಪ್ಪಲಿ ತೇಲಿ ಹೋದ್ಮ್ಯಾಲೆ ಏನಾತು?” ಅವಳು ಅವನನ್ನೇ ನೋಡಿ ಮುಗುಳ್ನಕ್ಕಳು. “ಕಡ್ಲೆಮಿಠಾಯಿ ನೀ ಯಾರ ಜೋಡಿ ತಿಂತಿದ್ದಿ?” ಮತ್ತೆ ಅದೇ ಮುಗುಳ್ನಗೆ. ಏನು ಕೇಳಿದರೂ, ಅವನಿಗೆ ಎಲ್ಲಿಯವರೆಗೆ ಗೊತ್ತಿತ್ತೋ ಅಲ್ಲಿಗೆ ಅವಳ ಕಥೆ ನಿಲ್ಲುತ್ತಿತ್ತು. ಅಲ್ಲಿಂದ ಮುಂದೆ ಅವಳ ಬಳಿ ಏನೂ ಇರಲಿಲ್ಲ, ಯಾಕೆಂದರೆ ಅವನ ಬಳಿ ಏನೂ ಇರಲಿಲ್ಲ.

ಇಷ್ಟು ದಿನ ತಾನು ತನ್ನ ಜೊತೆಗೇ ಸಂಸಾರ ಮಾಡಿದೆನಲ್ಲ ಎಂದು ಮಡಿವಾಳಪ್ಪನಿಗೆ ಅನಿಸಿತು. ಅದರ ಹಿಂದೆಯೇ ಇನ್ನೊಂದು ಮಾತೂ ಅನಿಸಿತು, ಅದನ್ನು ಮುಚ್ಚಿಟ್ಟು ಫಲವಿಲ್ಲ: ಆ ಸಂಸಾರ ಸುಖವಾಗಿತ್ತು.

ಹುಬ್ಬಳ್ಳಿಯಲ್ಲಿ ಡಾ. ಕಿಣಿ ಅವನ ಮಾತನ್ನು ಪೂರ್ತಿ ಕೇಳಿದರು. ಜನರೇಟರಿನ ಕಥೆಗೆ ನಗಲಿಲ್ಲ. ಗಾಜಿನ ಆಚೆ ಸರ್ವಮಂಗಳಾ ಕುರ್ಚಿಯಲ್ಲಿ ಕೂತಿದ್ದಳು. ಪಟ್ಟಿ ಮೇಜಿನ ಮೇಲಿತ್ತು, ಅವಳ ಮುಖದ ತುಂಬ ಆಯಾಸ ಮಾತ್ರ ಇತ್ತು.

“ಈ ಅನುಮಾನ ನನಗೂ ಇತ್ತು,” ಎಂದರು ಡಾಕ್ಟರು. “ಮಾತಿನ ಭಾಗ ಬೆಳಗೋದು ಗ್ರಾಫಿನಲ್ಲಿ ಕಾಣುತ್ತೆ. ಆ ಮಾತು ಯಾರದು ಅನ್ನೋದು ಕಾಣಲ್ಲ. ಎಷ್ಟು ನಿಮ್ಮದು, ಎಷ್ಟು ಅವರದು ಅಂತ ಅಳೆಯೋ ಯಂತ್ರ ನನ್ನ ಹತ್ತಿರ ಇಲ್ಲ.”

“ಪಟ್ಟಿ ತಗದ್ರ?”

“ಅವರ ಮೆದುಳಿಗೆ ತಾನೇ ದುಡಿಯೋ ಅಗತ್ಯ ಬರುತ್ತೆ. ಈಗ ನೀವು ಹೊರ್ತಾ ಇದ್ದೀರಿ, ಅದು ಸುಮ್ಮನೆ ಕೂತಿದೆ. ಆದರೆ...” ಡಾಕ್ಟರು ಗಾಜಿನ ಆಚೆ ನೋಡಿದರು. “ಮಾತು ವಾಪಸ್ ಬರುತ್ತೆ ಅಂತ ನಾನು ಹೇಳಲ್ಲ. ಬಾರದೇ ಇರಬಹುದು. ಬಂದರೂ ವರ್ಷಗಳು ಹಿಡಿಯಬಹುದು. ಪಟ್ಟಿ ಇದ್ದರೆ ಅವರು ಮಾತಾಡ್ತಾರೆ, ಉಣ್ಣುತ್ತಾರೆ, ನಗ್ತಾರೆ. ಅದನ್ನೂ ಬದುಕು ಅಂತಲೇ ಅನ್ನಬೇಕಲ್ವಾ?”

“ಯಾರ ಬದುಕು ಮೇಡಂ?”

ನಿರ್ಧಾರ ನಿಮ್ಮಿಬ್ಬರದು ಎಂದರು ಡಾಕ್ಟರು.

ಇಬ್ಬರದು ಎಂದ ಮೇಲೆ ಅವಳನ್ನೂ ಕೇಳಬೇಕಲ್ಲ. ಮನೆಗೆ ಬಂದು ಪಟ್ಟಿ ಕಟ್ಟಿಕೊಂಡು ಕೇಳಿದ, “ಮಂಗಳಾ, ಇದನ್ನ ತಗದು ಇಡೂಣೇನು? ನಿನಗ ಮಾತು ಹೋಗಬಹುದು.”

“ನಿಮ್ಮಿಷ್ಟ ರೀ,” ಎಂದಳು ಸರ್ವಮಂಗಳಾ.

ಮಡಿವಾಳಪ್ಪ ಅವಳ ಮುಖವನ್ನೇ ನೋಡಿದ. ಸೀರೆಯ ಬಣ್ಣದಿಂದ ಹಿಡಿದು ಮಗಳ ಓದಿನವರೆಗೆ ಯಾವುದನ್ನೂ ಅವಳು ಅವನ ಇಷ್ಟಕ್ಕೆ ಬಿಟ್ಟವಳಲ್ಲ. ನಂಜನಗೂಡಿನ ಸರ್ವಮಂಗಳಾ ‘ನಿಮ್ಮಿಷ್ಟ’ ಎಂದದ್ದನ್ನು ಈ ಲೋಕದಲ್ಲಿ ಯಾರೂ ಕೇಳಿರಲಿಲ್ಲ. ಅವನು ಹಣೆಯಿಂದ ಪಟ್ಟಿ ಬಿಚ್ಚಿದ. ಬಿಚ್ಚುತ್ತಿದ್ದ ಹಾಗೆಯೇ ಅವಳ ಮುಖ ಇಳಿದುಹೋಯಿತು, ಬಾಯಿ ಅರ್ಧ ತೆರೆದೇ ಉಳಿಯಿತು. ಅದನ್ನು ನೋಡುತ್ತ ನಿಂತವನಿಗೆ ಮತ್ತೆ ಕಟ್ಟಿಕೊಂಡುಬಿಡೋಣ ಎನಿಸಿತು. ಕಟ್ಟಿಕೊಳ್ಳಬಾರದೆಂದೇ ಪಟ್ಟಿಯನ್ನು ಬೀರುವಿನೊಳಗೆ ಹಾಕಿ ಬೀಗ ಹಾಕಿದ.

ಸಂಜೆ ಪಲ್ಲವಿಯ ವಿಡಿಯೊ ಬಂತು. ತಾಯಿಯ ಮುಖ ನೋಡಿ ಅವಳು ಹೌಹಾರಿದಳು.

“ಅಪ್ಪಾ, ಪಟ್ಟಿ ಯಾಕ್ ತಗದಿ? ನಿಂಗ ತ್ರಾಸ ಆದ್ರ ಹೇಳು, ನಾ ರಜಾ ಹಾಕಿ ಬರ್ತೀನಿ, ನಾ ಕಟ್ಕೊಳ್ತೀನಿ.”

“ನೀ ಕಟ್ಕೊಂಡ್ರ ನಿನ್ನ ಮಾತು ಬರ್ತಾವ ಅಷ್ಟ.”

“ನಿನ್ನೆ ಅಮ್ಮ ನನ್ನ ಜೋಡಿ ಎಷ್ಟ್ ಚೊಲೊ ಮಾತಾಡಿದ್ಲು!”

“ನೀ ಮಾತಾಡಿದ್ದು ನನ್ನ ಜೋಡಿ, ಪಲ್ಲವಿ.”

ಮಗಳು ಅಳುತ್ತ, “ಇದ್ರೂ ಇರ್ಲಿ ಬಿಡಪ್ಪ, ನಂಗ ಅಷ್ಟರ ಇತ್ತು,” ಎಂದು ಫೋನು ಇಟ್ಟಳು. ಅವಳ ತಪ್ಪೇನು? ಅವನಿಗೂ ಅಷ್ಟೇ ಇತ್ತು.

ಅಲ್ಲಿಂದ ಮುಂದಿನ ದಿನಗಳನ್ನು ವಿವರಿಸಿ ಹೇಳುವುದು ಕಷ್ಟ, ಒಂದು ದಿನಕ್ಕೂ ಇನ್ನೊಂದಕ್ಕೂ ವ್ಯತ್ಯಾಸವೇ ಇರಲಿಲ್ಲ. ಹಲ್ಲುಜ್ಜಿಸುವುದು, ಸ್ನಾನ ಮಾಡಿಸುವುದು, ಒಂದು ತುತ್ತು ತಿನ್ನಿಸಿ ನುಂಗಿದಳೇ ಎಂದು ಕಾಯುವುದು. ಡಾಕ್ಟರು ಹೇಳಿಕೊಟ್ಟ ಹಾಗೆ ಲೋಟ ಹಿಡಿದು “ಲೋಟ” ಎನ್ನುವುದು, ಬಾಗಿಲು ತೋರಿಸಿ “ಬಾಗಿಲು” ಎನ್ನುವುದು. ಅವಳು “ಲೋ” ಎನ್ನುವಳು, ತುಟಿ ನಡುಗುವುದು, ಸಿಟ್ಟು ಬಂದು ಲೋಟ ತಳ್ಳುವಳು. ಅವನು ನೆಲ ಒರೆಸುವನು. ಮನೆಯಲ್ಲೂ ಈಗ ಅವನ ತಲೆ ಪೂರ್ತಿ ಅವನದೇ ಆಗಿತ್ತು, ಹಾಲು ಉಕ್ಕುವ ಮೊದಲೇ ಒಲೆ ಆರಿಸಲು ಬರುತ್ತಿತ್ತು. ಆದರೂ ದಣಿವು ಹೋಗಲಿಲ್ಲ. ಮೊದಲಿನ ದಣಿವಿಗೆ ಎದುರಿನಿಂದ ಒಂದು ಉತ್ತರವಾದರೂ ಸಿಗುತ್ತಿತ್ತು, ಇದಕ್ಕೆ ಅದೂ ಇಲ್ಲ.

ಎಷ್ಟೋ ಸಲ ಬೀರುವಿನ ಎದುರು ನಿಂತ. ಒಂದೇ ಸಂಜೆ, ಒಂದೇ ಒಂದು ಸಲ ‘ರೀ’ ಎನ್ನಿಸಿಕೊಂಡು ಮತ್ತೆ ತೆಗೆದಿಟ್ಟರಾಯಿತು ಎಂದುಕೊಂಡ. ಒಮ್ಮೆ ಬೀಗವನ್ನೂ ತೆಗೆದ. ಒಳಗಿನಿಂದ ಅವಳು ತೊಡೆ ಬಡಿದುಕೊಂಡು ಗೊಣಗುವ ಸದ್ದು ಕೇಳಿತು. ಏನೋ ಬೇಕಾಗಿದೆ, ಹೇಳಲು ಬರುತ್ತಿಲ್ಲ. ಬೀಗ ಹಾಕಿ ಒಳಗೆ ಹೋದ. ಬೇಕಾದದ್ದು ಹೊದಿಕೆಯೋ ನೀರೋ ಕಿಟಕಿಯೋ ಎಂದು ಒಂದೊಂದಾಗಿ ತೋರಿಸಿ ಕೇಳಿದ. ಯಾವುದೂ ಅಲ್ಲ ಎಂದು ತಲೆಯಾಡಿಸಿದಳು. ಏನೆಂದು ತಿಳಿಯುವ ಮೊದಲೇ ನಿದ್ದೆ ಹೋದಳು. ಫಾತಿಮಾಬಿ ಮರುದಿನ, “ಭಾಯಿ, ನೀವರ ಸ್ವಲ್ಪ ಮಲಕ್ಕೋರಿ, ನಿಮ್ಮ ಮಾರಿ ನೋಡಾಕ ಆಗವಲ್ದು,” ಎಂದಳು. ಅವನಿಗೆ ಕೂತಲ್ಲೇ ಜೋಂಪು ಹತ್ತಿತ್ತು.

ಡಾ. ಕಿಣಿಯವರ ಪರದೆಯ ಮೇಲೆ ಗೆರೆಗಳು ಮಲಗಿದ್ದವು. ಮುಂದಿನ ಸಲ ಹೋದಾಗಲೂ ಮಲಗಿದ್ದವು. ಅದರ ಮುಂದಿನ ಸಲ ಡಾಕ್ಟರು ಬಹಳ ಹೊತ್ತು ನೋಡಿ, “ಇಲ್ಲೊಂದು ಚೂರು ಎದ್ದ ಹಾಗಿದೆ, ನನಗೆ ಆಸೆಗೆ ಹಾಗೆ ಕಾಣ್ತಿದೆಯೋ ಏನೋ,” ಎಂದರು. ಮಡಿವಾಳಪ್ಪನಿಗೆ ಅಂಥ ಆಸೆ ಪಡುವಷ್ಟು ತ್ರಾಣ ಇರಲಿಲ್ಲ. ಬಸ್ಸಿನಲ್ಲಿ ಹೆಂಡತಿಯ ತಲೆ ತನ್ನ ಭುಜಕ್ಕೆ ಬೀಳುವ ಹಾಗೆ ಕೂರಿಸಿಕೊಂಡು ಊರಿಗೆ ಬಂದ.

ಅದಾಗಿ ಒಂದು ಭಾನುವಾರ. ಮನೆಯ ಮುಂದಿನ ಕಟ್ಟೆಯ ಮೇಲೆ ಎಳೆಬಿಸಿಲು ಬಿದ್ದಿತ್ತು. ಸರ್ವಮಂಗಳಾಳನ್ನು ಕುರ್ಚಿಯಲ್ಲಿ ಕೂರಿಸಿ, ತಲೆಗೆ ಎಣ್ಣೆ ಹಚ್ಚಿ, ಮಡಿವಾಳಪ್ಪ ಹಿಂದೆ ನಿಂತು ಬಾಚುತ್ತಿದ್ದ. ಗಾಯದ ಜಾಗದಲ್ಲಿ ಕೂದಲು ಬಂದಿರಲಿಲ್ಲ, ಅಲ್ಲಿ ಬಾಚಣಿಗೆ ತಾಗದ ಹಾಗೆ ಸುತ್ತು ಹೊಡೆದು ಬಾಚಬೇಕು. ಜಡೆ ಹಾಕಲು ಅವನಿಗೆ ಯಾವತ್ತೂ ಸರಿಯಾಗಿ ಬರುತ್ತಿರಲಿಲ್ಲ. ಮೂರು ಕಾಲು ಮಾಡಿ, ಒಂದನ್ನು ಬಿಟ್ಟು, ಮತ್ತೆ ಹಿಡಿದು ಹೆಣೆಯುತ್ತಿದ್ದ.

ಸರ್ವಮಂಗಳಾ ತಲೆಯನ್ನು ಎಳೆದುಕೊಂಡಳು.

“ನೂಸತೇನು? ಭಾಳ ಎಳದ್ನೇನು?”

ಅವಳ ತುಟಿ ಆಡಿತು. “ಪು... ಪುಟ್ಟ...”

“ಪುಟ್ಟಿ? ಪಲ್ಲವಿ ಏನು?”

ಅಲ್ಲ ಎಂದು ತಲೆಯಾಡಿಸಿದಳು. ಉಸಿರು ಕಟ್ಟಿ, ಕುರ್ಚಿಯ ಕೈ ಬಿಗಿಯಾಗಿ ಹಿಡಿದು, “ಪುಟ್ಟ... ಕೆಂಪಿ,” ಎಂದಳು. ಬಲಗೈ ಎತ್ತಿ ಜಡೆ ಮುಟ್ಟಿದಳು. “ಜಡೆ. ಪುಟ್ಟಕೆಂಪಿ... ಜಡೆ.”

ಮಡಿವಾಳಪ್ಪ ಯೋಚಿಸಿದ. ಆ ಹೆಸರಿನವರು ಯಾರೂ ನೆನಪಾಗಲಿಲ್ಲ. ಅವಳ ಅಕ್ಕತಂಗಿಯರು, ಅತ್ತೆಯಂದಿರು, ಶಾಲೆಯ ಟೀಚರುಗಳು, ಎಲ್ಲರ ಹೆಸರೂ ಒಂದೊಂದಾಗಿ ತಲೆಯಲ್ಲಿ ಹಾಯಿಸಿದ.

“ನಿಮ್ಮ ದೊಡ್ಡಮ್ಮನ ಮಗಳೇನು?”

ಅಲ್ಲ.

“ಸಾಲ್ಯಾಗ ನಿನ್ನ ಗೆಳತಿ?”

ಅಲ್ಲ. ಈ ಸಲ ಸಿಟ್ಟು ಬಂದಿತ್ತು, ಕುರ್ಚಿಯ ಕೈಗೆ ಗುದ್ದಿದಳು.

“ನಿಮ್ಮ ಮನಿ ಕೆಲಸದಾಕಿ? ಬಾಜೂ ಮನಿಯಾಕಿ? ತಡಿ, ತಡಿ, ನೆನಪು ಮಾಡ್ಕೊಳ್ತೀನಿ.”

ಸರ್ವಮಂಗಳಾ ಕುತ್ತಿಗೆ ಹೊರಳಿಸಿ ಗಂಡನ ಕಡೆ ನೋಡಿದಳು. ಆ ಕಣ್ಣಿನಲ್ಲಿದ್ದ ಬೇಸರ ಅವನಿಗೆ ಚೆನ್ನಾಗಿ ಪರಿಚಯವಿತ್ತು. ಪಾಠ ತಲೆಗೆ ಹೋಗದ ಹುಡುಗರನ್ನು ಅವಳು ಹಾಗೆ ನೋಡುತ್ತಿದ್ದಳು. ಒಂದೊಂದೇ ಅಕ್ಷರವನ್ನು ಬಾವಿಯಿಂದ ಸೇದಿದ ಹಾಗೆ ಎಳೆದು ತಂದಳು.

“ನಿಮ್ಗೆ... ಗೊತ್... ಗೊತ್ತಿಲ್ಲ.”

ಮಡಿವಾಳಪ್ಪನ ಕೈ ಕೂದಲಿನಲ್ಲೇ ನಿಂತಿತು. “ಇಲ್ಲ,” ಎಂದ. “ಇಲ್ಲ ಮಂಗಳಾ. ನಂಗ ಗೊತ್ತಿಲ್ಲ. ನಂಗೇನೂ ಗೊತ್ತಿಲ್ಲ. ನೀ ಹೇಳು.”

ಅವಳಿಗೆ ಇನ್ನು ಹೇಳಲು ಆಗುತ್ತಿರಲಿಲ್ಲ. ಅಷ್ಟಕ್ಕೇ ಇದ್ದ ಶಕ್ತಿಯೆಲ್ಲ ಖರ್ಚಾಗಿ ತಲೆ ಒಂದು ಕಡೆ ವಾಲಿತು, ಕಣ್ಣು ಮುಚ್ಚಿಕೊಂಡವು. ನಾಳೆ ಹೇಳಿಯಾಳು, ಮುಂದಿನ ವರ್ಷ ಹೇಳಿಯಾಳು, ಹೇಳದೆಯೂ ಇದ್ದಾಳು. ಮಡಿವಾಳಪ್ಪ ಅವಳ ತಲೆ ಕೆಳಗೆ ಜಾರದ ಹಾಗೆ ತನ್ನ ಹೊಟ್ಟೆಗೆ ಒರಗಿಸಿಕೊಂಡು, ಅರ್ಧ ಹೆಣೆದ ಜಡೆಯನ್ನು ಬಿಡದೆ ಹಿಡಿದುಕೊಂಡು ನಿಂತ. ಮೂಗು ಸೋರುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಬೀದಿಯಲ್ಲಿ ಹೋಗುತ್ತಿದ್ದವರು ಒಂದಿಬ್ಬರು ನಿಂತು ನೋಡಿ ಹೋದರು.

ಪುಟ್ಟಕೆಂಪಿ ಯಾರೆಂಬುದು ಅವಳಿಗೆ ಮಾತ್ರ ಗೊತ್ತಿತ್ತು.